ಹಳೆಯ ಡ್ರ್ಯಾಗ್ ರೇಸ್ ಕಾರುಗಳ ಮಾಡೆಲ್ ಕಿಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಾಸ್ಟಿಕ್ ಮಾಡೆಲ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಯುದ್ಧವಿಮಾನ, ಟ್ಯಾಂಕು. ನನ್ನ ಶೋಕೇಸಿನಲ್ಲಿ ಇರುವುದು 1950ರಿಂದ 70ರ ದಶಕದ ಅಮೆರಿಕದ ಡ್ರ್ಯಾಗ್ ರೇಸ್ ಕಾರುಗಳು. ಮೂತಿ ಮೇಲೆತ್ತಿದ ಎರಡು ಬಾಗಿಲಿನ ಕೂಪೆಗಳು, ಏಣಿಯಂತೆ ಉದ್ದಕ್ಕಿರುವ ಡ್ರ್ಯಾಗ್‌ಸ್ಟರ್‌ಗಳು, ಬಾಡಿ ಪೂರ್ತಿ ಮೇಲೆದ್ದು ನಿಂತ ಫನ್ನಿ ಕಾರುಗಳು. ನೋಡಿದವರು ಕೇಳುವ ಪ್ರಶ್ನೆಗಳೂ, ಇದೇ ಹುಚ್ಚು ಹಿಡಿದ ಗೆಳೆಯರು ಫೋನಿನಲ್ಲಿ ಕೇಳುವ ಪ್ರಶ್ನೆಗಳೂ ಸುಮಾರಾಗಿ ಅವೇ. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಿಗೂ ಸ್ವಲ್ಪ ಬಿಡುವು ಸಿಕ್ಕೀತು.

ಡ್ರ್ಯಾಗ್ ರೇಸ್ ಎಂದರೇನು? ಕಿಟ್ ಕಟ್ಟುವವನಿಗೆ ಅದೆಲ್ಲ ಯಾಕೆ ಬೇಕು?

ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ. ನಿಂತಲ್ಲಿಂದ ಹೊರಟು ನೆಟ್ಟಗೆ ಕಾಲು ಮೈಲಿ, ಅಂದರೆ 1,320 ಅಡಿ, ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದರು. ತಿರುವಿಲ್ಲ, ಎರಡನೇ ಸುತ್ತಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಬೀದಿಯಲ್ಲಿ ಆಡುತ್ತಿದ್ದ ಈ ಆಟ 1950ರಲ್ಲಿ ಸಾಂಟಾ ಆನಾದ ವಿಮಾನ ನಿಲ್ದಾಣದ ರನ್‌ವೇ ಮೇಲೆ ಟಿಕೆಟ್ ಇಟ್ಟು ನಡೆಯತೊಡಗಿತು. ಮರುವರ್ಷ, 1951ರಲ್ಲಿ, ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ (ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್) ಸಂಸ್ಥೆ ಕಟ್ಟಿ ಆಟಕ್ಕೆ ನಿಯಮ ತಂದರು.

ಕಿಟ್ ಕಟ್ಟುವವನಿಗೆ ಇದು ಬೇಕಾಗುವುದು ಒಂದೇ ಕಾರಣಕ್ಕೆ. ಈ ಕಾರುಗಳಲ್ಲಿ ಅಂದಕ್ಕೆಂದು ಇಟ್ಟದ್ದು ಬಣ್ಣ ಮತ್ತು ಬರೆಸಿದ ಹೆಸರು ಮಾತ್ರ. ಉಳಿದ ಒಂದೊಂದು ಪೈಪು, ಒಂದೊಂದು ಬ್ರಾಕೆಟ್ಟಿಗೂ ಕಾರಣ ಉಂಟು. ಹೊರಡುವ ಗಳಿಗೆಯಲ್ಲಿ ಭಾರವೆಲ್ಲ ಹಿಂದಿನ ಟೈರಿನ ಮೇಲೆ ಬೀಳಬೇಕು, ಕಾರು ಹಗುರವಾಗಿರಬೇಕು, ಎಂಜಿನ್‌ಗೆ ಗಾಳಿ ಮತ್ತು ಇಂಧನ ಧಾರಾಳವಾಗಿ ಸಿಗಬೇಕು. ಇದು ತಲೆಯಲ್ಲಿದ್ದರೆ ಸೂಚನಾ ಪತ್ರಿಕೆಯಲ್ಲಿ ತಪ್ಪಿದ್ದರೂ ನಿಮ್ಮ ಕೈ ತಪ್ಪುವುದಿಲ್ಲ. ಸೂಚನಾ ಪತ್ರಿಕೆಗಳಲ್ಲಿ ತಪ್ಪು ಇದ್ದೇ ಇರುತ್ತದೆ.

ನನ್ನ ಡ್ರ್ಯಾಗ್‌ಸ್ಟರ್ ಕಿಟ್‌ನಲ್ಲಿ ರೇಡಿಯೇಟರ್ ಇಲ್ಲ. ಪಾರ್ಟ್ ಬಿಟ್ಟುಹೋಗಿದೆಯೇ?

ಇಲ್ಲ. ಅಸಲಿ ಕಾರಿನಲ್ಲೂ ಇರಲಿಲ್ಲ. ಎಂಟು ಹತ್ತು ಸೆಕೆಂಡು ಓಡಿ ನಿಲ್ಲುವ ಎಂಜಿನ್‌ಗೆ ಒಳಗೆ ತುಂಬಿದ ನೀರೇ ಸಾಕು. ಸ್ಟಾರ್ಟರ್ ಮೋಟಾರನ್ನೂ ಹುಡುಕಬೇಡಿ. 1960ರ ದಶಕದ ಡ್ರ್ಯಾಗ್‌ಸ್ಟರ್‌ಗಳನ್ನು ಹಿಂದಿನಿಂದ ಇನ್ನೊಂದು ಕಾರಿನಲ್ಲಿ ತಳ್ಳಿ ಚಾಲೂ ಮಾಡುತ್ತಿದ್ದರು. ಚಾಸಿಯ ಬಾಲದಲ್ಲಿ ಅಡ್ಡಕ್ಕೊಂದು ಚಿಕ್ಕ ಕೊಳವೆ ಕಂಡರೆ ಅದು ತಳ್ಳುವುದಕ್ಕೆ ಇಟ್ಟದ್ದು. ಮುಂದಿನ ಚಕ್ರಕ್ಕೆ ಬ್ರೇಕ್ ಇಲ್ಲದಿದ್ದರೆ ಅದಕ್ಕೂ ಗಾಬರಿ ಬೇಡ. ನಿಲ್ಲಿಸುವ ಕೆಲಸ ಹಿಂದಿನ ಬ್ರೇಕಿನದು, ಪ್ಯಾರಾಚೂಟಿನದು.

ಗ್ಯಾಸರ್, ರೇಲ್, ಆಲ್ಟರ್ಡ್ ವೀಲ್‌ಬೇಸ್, ಫನ್ನಿ ಕಾರ್: ಇವುಗಳ ನಡುವೆ ವ್ಯತ್ಯಾಸವೇನು?

ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಕಿಟ್ ಆರಿಸುವುದೂ ಇಲ್ಲೇ ನಿರ್ಧಾರವಾಗುತ್ತದೆ.

ಗ್ಯಾಸರ್ ಅಂದರೆ ಪೆಟ್ರೋಲ್ ಕಾರು. ಅಮೆರಿಕದವರು ಪೆಟ್ರೋಲಿಗೆ ಗ್ಯಾಸ್ ಅನ್ನುತ್ತಾರಲ್ಲ, ಹೆಸರು ಬಂದದ್ದು ಅಲ್ಲಿಂದ. ಬೀದಿಯಲ್ಲಿ ಓಡುವ ಕಾರಿನ ಬಾಡಿ ಉಳಿಸಿಕೊಂಡು ಒಳಗೆ ದೊಡ್ಡ ಎಂಜಿನ್ ಕೂರಿಸಿದ್ದು. ಎಂಜಿನ್ ಗಾತ್ರಕ್ಕೆ ತಕ್ಕಂತೆ ಕಾರಿನ ತೂಕ ಎಷ್ಟಿದೆ ಎಂದು ನೋಡಿ ಎ, ಬಿ, ಸಿ ಎಂದು ವರ್ಗ ಮಾಡುತ್ತಿದ್ದರು. 1933 ಮತ್ತು 1941ರ ವಿಲ್ಲಿಸ್ ಕೂಪೆಗಳು ಹಗುರ, ಚಿಕ್ಕವು. ಹಾಗಾಗಿ ಈ ವರ್ಗದಲ್ಲಿ ಅವುಗಳದೇ ದರ್ಬಾರು. ಸ್ಟೋನ್, ವುಡ್ಸ್ ಮತ್ತು ಕುಕ್ ತಂಡದ ನೀಲಿ 'ಸ್ವಿಂಡ್ಲರ್' ವಿಲ್ಲಿಸ್, 'ಬಿಗ್ ಜಾನ್' ಮಜ್ಮೇನಿಯನ್ ಅವರ ಕೆಂಪು ವಿಲ್ಲಿಸ್ ನಡುವಿನ ಪೈಪೋಟಿ 1960ರ ದಶಕದ ಗ್ಯಾಸರ್ ಕಥೆಯ ತಿರುಳು. ಆ ತಂಡದ ಫ್ರೆಡ್ ಸ್ಟೋನ್ ಮತ್ತು ಟಿಮ್ ವುಡ್ಸ್ ಕಪ್ಪು ಜನಾಂಗದ ಮಾಲೀಕರು, ಓಡಿಸುತ್ತಿದ್ದ ಡಗ್ ಕುಕ್ ಬಿಳಿಯ. ಆ ಕಾಲದ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ. ಪೆಟ್ಟಿಗೆಯ ಮೇಲೆ ಮೂರು ಹೆಸರು ಮಾತ್ರ ಇರುತ್ತದೆ, ಹಿಂದಿನ ಕಥೆ ಇರುವುದಿಲ್ಲ.

ರೇಲ್ ಅಥವಾ ಸ್ಲಿಂಗ್‌ಶಾಟ್ ಡ್ರ್ಯಾಗ್‌ಸ್ಟರ್‌ಗೆ ಬಾಡಿ ಹೆಸರಿಗೆ ಮಾತ್ರ. ಎರಡು ಉದ್ದನೆಯ ಕೊಳವೆ, ನಡುವೆ ಎಂಜಿನ್, ಹಿಂದಿನ ಆಕ್ಸಲ್‌ಗೂ ಹಿಂದೆ ಚಾಲಕ. ಕವಣೆಯಲ್ಲಿ ಕಲ್ಲಿಟ್ಟ ಹಾಗೆ ಚಾಲಕ ಕೊನೆಯಲ್ಲಿ ಕೂತಿರುತ್ತಾನೆ, ಅದಕ್ಕೇ ಆ ಹೆಸರು. 1957ರಿಂದ ಕೆಲವು ವರ್ಷ ಎನ್‌ಎಚ್‌ಆರ್‌ಎ ಪೆಟ್ರೋಲಿಗಿಂತ ಹೆಚ್ಚು ಬಲ ಕೊಡುವ ನೈಟ್ರೋಮೀಥೇನ್ ಇಂಧನವನ್ನು ನಿಷೇಧಿಸಿತ್ತು. ಪೆಟ್ರೋಲಿನಲ್ಲೇ ಬಲ ಹೆಚ್ಚಿಸಬೇಕೆಂದರೆ ಏನು ಮಾಡುವುದು? ಇನ್ನೊಂದು ಎಂಜಿನ್ ಇಡುವುದು! ರೇಸ್ ಚಾಲಕ ಟಾಮಿ ಐವೋ ಎರಡಕ್ಕೂ ನಿಲ್ಲದೆ 1961ರಲ್ಲಿ ನಾಲ್ಕು ಬ್ಯೂಕ್ ಎಂಜಿನ್ ಜೋಡಿಸಿ ನಾಲ್ಕು ಚಕ್ರಕ್ಕೂ ಬಲ ಕೊಟ್ಟ 'ಶೋಬೋಟ್' ಕಟ್ಟಿಸಿದರು. ಸ್ಪರ್ಧೆಗೆ ಅದನ್ನು ಬಿಡಲಿಲ್ಲ, ಪ್ರದರ್ಶನಕ್ಕಷ್ಟೇ ಓಡಿತು.

ಆಲ್ಟರ್ಡ್ ವೀಲ್‌ಬೇಸ್ ಕಾರುಗಳನ್ನು ನೋಡಿದರೆ ಯಾರಿಗಾದರೂ ನಗು ಬರುತ್ತದೆ. 1965ರಲ್ಲಿ ಕ್ರೈಸ್ಲರ್ ಕಂಪನಿ ಕೆಲವು ಡಾಡ್ಜ್, ಪ್ಲಿಮತ್ ಕಾರುಗಳ ಹಿಂದಿನ ಚಕ್ರವನ್ನು 15 ಇಂಚು, ಮುಂದಿನದನ್ನು 10 ಇಂಚು ಮುಂದಕ್ಕೆ ತಂದಿತು. ಬಾಡಿಯ ಭಾರ ಹಿಂದಿನ ಟೈರಿನ ಮೇಲೆ ಕೂರಲಿ ಎಂಬ ಲೆಕ್ಕ. ತಗಡು ತೆಳುವಾಗಲೆಂದು ಬಾಡಿಯನ್ನು ಆಸಿಡ್‌ನಲ್ಲಿ ಅದ್ದುತ್ತಿದ್ದರು. 'ಇದೇನು ತಮಾಷೆ ಕಾರು' ಎಂದು ಜನ ಆಡಿಕೊಂಡ ಮಾತೇ ಫನ್ನಿ ಕಾರ್ ಎಂಬ ಹೆಸರಾಗಿ ನಿಂತಿತು. ಸಾದಾ ಕಿಟ್ ಕತ್ತರಿಸಿ ಇಂಥ ಕಾರು ಮಾಡುವವರಿಗೆ ಲೆಕ್ಕ ಸುಲಭ: 1/25ರಲ್ಲಿ, ಅಂದರೆ ಅಸಲಿ ಕಾರಿನ ಇಪ್ಪತ್ತೈದರಲ್ಲಿ ಒಂದು ಭಾಗದ ಅಳತೆಯಲ್ಲಿ, ಹಿಂದಿನ ಚಕ್ರ 15.2 ಮಿ.ಮೀ., ಮುಂದಿನದು 10.2 ಮಿ.ಮೀ. ಮುಂದಕ್ಕೆ ಬರಬೇಕು.

ಮರುವರ್ಷ, 1966ರಲ್ಲಿ, ಮರ್ಕ್ಯುರಿ ಕಂಪನಿಯ ಕಾಮೆಟ್‌ಗಳು ಒಂದೇ ತುಂಡಿನ ಫೈಬರ್‌ಗ್ಲಾಸ್ ಬಾಡಿಯೊಂದಿಗೆ ಬಂದವು. ಒಳಗೆ ಲೋಗಿ ಕಂಪನಿಯ ಕೊಳವೆ ಚಾಸಿ, ಮೇಲೆ ಹಿಂದುಗಡೆ ಕೀಲಿನಿಂದ ತೆರೆಯುವ ಬಾಡಿ. ಇಂದಿಗೂ ಫನ್ನಿ ಕಾರಿನ ವಿನ್ಯಾಸ ಇದೇ.

ಹಾಗಾದರೆ ಮೊದಲ ಕಿಟ್ ಯಾವುದು ತೆಗೆದುಕೊಳ್ಳಲಿ?

ಗ್ಯಾಸರ್. ಎರಡನೇ ಮಾತಿಲ್ಲ. ರೆವೆಲ್ ಕಂಪನಿಯ 1/25 ಅಳತೆಯ 1941 ವಿಲ್ಲಿಸ್ ಒಳ್ಳೆಯ ಆರಂಭ. ಸ್ಟೋನ್-ವುಡ್ಸ್-ಕುಕ್ ಹೆಸರಿನಲ್ಲೂ ಮಜ್ಮೇನಿಯನ್ ಹೆಸರಿನಲ್ಲೂ ಅದು ಬಂದಿದೆ. ಬಾಡಿ ಇರುವುದರಿಂದ ಒಳಗಿನ ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ. ಚಾಸಿ ಗಟ್ಟಿ ಇರುತ್ತದೆ.

ಫೋಟೋ ನೋಡಿ ಮರುಳಾಗಿ ಮೊದಲಿಗೇ ರೇಲ್ ತರುವವರೇ ಹೆಚ್ಚು. ನಾನೂ ತಂದಿದ್ದೆ. ಬತ್ತಿಯಷ್ಟು ತೆಳು ಕೊಳವೆಗಳು, ಮುಚ್ಚಲು ಬಾಡಿ ಇಲ್ಲ, ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸೊಟ್ಟ. ನಾಲ್ಕು ಚಕ್ರದಲ್ಲಿ ಮೂರೇ ನೆಲ ಮುಟ್ಟುತ್ತಿದ್ದ ಆ ಡ್ರ್ಯಾಗ್‌ಸ್ಟರ್ ಈಗಲೂ ಅಟ್ಟದ ಮೇಲಿದೆ. ಎರಡು ಗ್ಯಾಸರ್ ಕಟ್ಟಿದ ಮೇಲೆ ರೆವೆಲ್‌ನ 'ಮೂನೈಸ್' ಹಳದಿ ಡ್ರ್ಯಾಗ್‌ಸ್ಟರ್ ಅಥವಾ ಎಎಂಟಿ ಕಂಪನಿಯ 'ಡಬಲ್ ಡ್ರ್ಯಾಗ್‌ಸ್ಟರ್' ಕಡೆ ಹೋಗಿ. ಐವೋ ಶೋಬೋಟ್ ಕೊನೆಗಿರಲಿ. ಒಂದೇ ಬಗೆಯ ಎಂಜಿನ್ನನ್ನು ನಾಲ್ಕು ಸಲ ಕಟ್ಟುವಾಗ ಮೂರನೆಯದಕ್ಕೆ ತಾಳ್ಮೆ ಮುಗಿದಿರುತ್ತದೆ.

1/25, 1/24, 1/16: ಯಾವ ಅಳತೆ?

ಎಎಂಟಿ, ಎಂಪಿಸಿ, ರೆವೆಲ್ ಹೆಚ್ಚಾಗಿ 1/25. ಮೊನೊಗ್ರಾಮ್ ಹೆಚ್ಚಾಗಿ 1/24, ಅಂದರೆ ಅರ್ಧ ಇಂಚಿಗೆ ಒಂದು ಅಡಿ. ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಒಂದರ ಎಂಜಿನ್ನನ್ನು ಇನ್ನೊಂದಕ್ಕೆ ಹಾಕುವಾಗ ಕಾಣುತ್ತದೆ. 1/16ರಲ್ಲಿ ವೈರಿಂಗ್, ಪೈಪು ಎಲ್ಲ ಸಲೀಸು, ಇಡಲು ಜಾಗ ಬೇಕಷ್ಟೆ. 200 ಇಂಚು ವೀಲ್‌ಬೇಸ್ ಇರುವ ಡ್ರ್ಯಾಗ್‌ಸ್ಟರ್ 1/25ರಲ್ಲಿ 20 ಸೆಂ.ಮೀ. ಆದರೆ 1/16ರಲ್ಲಿ 32 ಸೆಂ.ಮೀ. ಆಗುತ್ತದೆ, ಅದೂ ಚಕ್ರದಿಂದ ಚಕ್ರಕ್ಕೆ ಮಾತ್ರ. ಮನೆಯವರನ್ನು ಒಂದು ಮಾತು ಕೇಳಿ ತನ್ನಿ.

1960ರ ದಶಕದ ಅಸಲಿ ಪೆಟ್ಟಿಗೆ ಕೊಳ್ಳುವುದೇ, ಹೊಸ ಮುದ್ರಣವೇ?

ಕಟ್ಟುವುದಕ್ಕಾದರೆ ಹೊಸದು. ಅಚ್ಚು ಅದೇ ಹಳೆಯದು. ಹೊಸ ಪೆಟ್ಟಿಗೆ, ಹೊಸ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ, ಹೆಸರು) ಹಾಕಿ ಮತ್ತೆ ಬಿಡುತ್ತಾರೆ. ಎಎಂಟಿ ಮತ್ತು ಎಂಪಿಸಿಯ ಹಳೆಯ ಅಚ್ಚುಗಳಿಂದ ಈಗ ರೌಂಡ್ 2 ಕಂಪನಿ ಕಿಟ್ ತೆಗೆಯುತ್ತಿದೆ. ಐಎಂಸಿ ಮಾಡಿದ್ದ 'ಲಿಟಲ್ ರೆಡ್ ವ್ಯಾಗನ್', ಮುಂದಿನ ಚಕ್ರ ಎತ್ತಿಕೊಂಡೇ ಓಡುತ್ತಿದ್ದ ಆ ಡಾಡ್ಜ್ ಪಿಕಪ್, ಆಮೇಲೆ ಲಿಂಡ್‌ಬರ್ಗ್ ಹೆಸರಿನಲ್ಲಿ ಬಂತು. ಅಚ್ಚು ಸವೆದಂತೆ ಪಾರ್ಟಿನ ಅಂಚಿನಲ್ಲಿ ತೆಳು ಪ್ಲಾಸ್ಟಿಕ್ ಪೊರೆ ಬರುತ್ತದೆ. ಹಪ್ಪಳದ ಅಂಚಿನಂತೆ ಇರುವ ಅದನ್ನು ಬ್ಲೇಡಿನ ಬೆನ್ನಿನಿಂದ ಕೆರೆದರೆ ಹೋಗುತ್ತದೆ. ಹಳೆಯ ಸೀಲ್ ಪೆಟ್ಟಿಗೆ ಕೈಗೆ ಬಂದರೆ ತೆರೆಯಬೇಡಿ, ಬೇಕಾದವರಿಗೆ ಕೊಟ್ಟು ಆ ದುಡ್ಡಿನಲ್ಲಿ ಮೂರು ಹೊಸದು ತನ್ನಿ. ಸಂಗ್ರಹಕಾರರು ಈ ಮಾತಿಗೆ ನನ್ನನ್ನು ಬೈಯುತ್ತಾರೆ, ಬೈಯಲಿ.

ಇಲ್ಲಿ ಕೂತು ಇವನ್ನೆಲ್ಲ ತರಿಸುವುದು ಹೇಗೆ?

ಹವ್ಯಾಸದ ಸಾಮಾನು ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಒಂದೆರಡು ಬಗೆ ಸಿಗುತ್ತವೆ. ಉಳಿದದ್ದು ಹೊರದೇಶದಿಂದ ತರಿಸಬೇಕು, ಇಲ್ಲವೇ ಅಲ್ಲಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಬರಬೇಕು. ಪಾರ್ಸೆಲ್‌ಗೆ ಕಸ್ಟಮ್ಸ್ ಸುಂಕ ಬೀಳುತ್ತದೆ, ಕಿಟ್ ಬೆಲೆಯ ಜತೆಗೆ ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ. ನೆಂಟರಿಗೆ ಸ್ಪ್ರೇ ಡಬ್ಬಿ, ಥಿನ್ನರ್ ಮಾತ್ರ ಹೇಳಬೇಡಿ. ಮಾಡೆಲ್ ಬಣ್ಣದ ಸ್ಪ್ರೇ ಬೆಂಕಿ ಹತ್ತುವ ವಸ್ತು, ವಿಮಾನದಲ್ಲಿ ಬಿಡುವುದಿಲ್ಲ.

ಸಣ್ಣ ಸಾಮಾನಿಗೆ ಹೊರದೇಶವೇ ಬೇಕಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ತೆಳು ತಾಮ್ರದ ತಂತಿ ಸಿಗುತ್ತದೆ. ಔಷಧಿ ಅಂಗಡಿಯ ಇಂಜೆಕ್ಷನ್ ಸೂಜಿ ಸ್ಟೀಲ್ ಕೊಳವೆಯಾಗುತ್ತದೆ. ಗುಂಡುಪಿನ್ನಿನ ತಲೆ ಗೇರ್ ಲಿವರಿನ ಗುಬುಟು. ಪ್ಯಾರಾಚೂಟ್ ಗಂಟಿಗೆ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಮಡಚಿದರೆ ಕಿಟ್‌ನ ಪ್ಲಾಸ್ಟಿಕ್ ಗಂಟಿಗಿಂತ ಚೆನ್ನಾಗಿರುತ್ತದೆ.

ಯಾವ ಯಾವ ಸಲಕರಣೆ ಬೇಕು?

ಒಳ್ಳೆಯ ನಿಪ್ಪರ್, ಮೊನಚು ಬ್ಲೇಡು, 400ರಿಂದ 2000ದ ತನಕ ನೀರಿನಲ್ಲಿ ತಿಕ್ಕುವ ಸ್ಯಾಂಡ್ ಪೇಪರ್, ತೆಳುವಾದ ಪ್ಲಾಸ್ಟಿಕ್ ಸಿಮೆಂಟ್, ಚಿಮಟ, ಬಟ್ಟೆ ಒಣಗಿಸುವ ಕ್ಲಿಪ್ಪು. ಏರ್‌ಬ್ರಶ್ ಆಮೇಲೆ ನೋಡೋಣ.

ಪಾರದರ್ಶಕ ಪಾರ್ಟುಗಳ ಹತ್ತಿರ ಫೆವಿಕ್ವಿಕ್ ಬಗೆಯ ಅಂಟು ತರಬೇಡಿ. ಅದರ ಆವಿಗೆ ಗಾಜು ಮಂಜು ಹಿಡಿದಂತಾಗುತ್ತದೆ. ಅದಕ್ಕೆ ಫೆವಿಕಾಲ್ ಸಾಕು.

ಕ್ರೋಮ್ ಪಾರ್ಟುಗಳು ಅಂಟುವುದೇ ಇಲ್ಲ. ಏನು ಮಾಡಲಿ?

ಪ್ಲಾಸ್ಟಿಕ್ ಸಿಮೆಂಟ್ ಕೆಲಸ ಮಾಡುವುದು ಪ್ಲಾಸ್ಟಿಕ್ಕನ್ನು ಕರಗಿಸಿ. ಕ್ರೋಮ್ ಪೊರೆ ಅಡ್ಡ ಬಂದರೆ ಕರಗುವುದಕ್ಕೆ ಏನೂ ಇಲ್ಲ. ಅಂಟಿಸುವ ಜಾಗದಲ್ಲಿ ಪೊರೆಯನ್ನು ಬ್ಲೇಡಿನಿಂದ ಕೆರೆಯಿರಿ.

ನನ್ನ ಅಭಿಪ್ರಾಯ ಕೇಳಿದರೆ ಕಿಟ್‌ನ ಕ್ರೋಮ್‌ನಲ್ಲಿ ಮುಕ್ಕಾಲು ಭಾಗ ತೆಗೆದುಹಾಕುವುದೇ ಒಳ್ಳೆಯದು. ಆ ಕಾಲದ ಕಾರುಗಳಲ್ಲಿ ಬ್ಲೋವರ್ (ಎಂಜಿನ್ನಿಗೆ ಗಾಳಿ ತುಂಬುವ ಯಂತ್ರ) ಪಾಲಿಶ್ ಮಾಡಿದ ಅಲ್ಯೂಮಿನಿಯಂ, ಚಕ್ರ ಮಂಕು ಬೂದು ಮೆಗ್ನೀಷಿಯಂ. ಎಲ್ಲವೂ ಕನ್ನಡಿಯಂತೆ ಹೊಳೆದರೆ ಆಟಿಕೆ ಆಗಿಬಿಡುತ್ತದೆ. ಮನೆಯಲ್ಲಿ ಬಳಸುವ ದ್ರವ ಬ್ಲೀಚ್‌ನಲ್ಲಿ ಪಾರ್ಟುಗಳನ್ನು ಮುಳುಗಿಸಿಟ್ಟರೆ ಕ್ರೋಮ್ ತಾನಾಗಿ ಬಿಡುತ್ತದೆ, ಕೆಲವು ನಿಮಿಷದಲ್ಲೋ ಒಂದು ರಾತ್ರಿಯಲ್ಲೋ. ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಅದರ ಹತ್ತಿರವೂ ಬರಬಾರದು, ಎರಡು ಸೇರಿದರೆ ಹೊರಡುವುದು ವಿಷದ ಕ್ಲೋರಿನ್ ಅನಿಲ.

ಇದೇ ಬ್ಲೀಚ್ ಡ್ರ್ಯಾಗ್ ಪಟ್ಟಿಯಲ್ಲೂ, ಅಂದರೆ ರೇಸ್ ನಡೆಯುವ ನೇರ ರಸ್ತೆಯಲ್ಲೂ, ಇತ್ತು. ಟೈರು ತಿರುಗಿ ಬಿಸಿಯಾಗಲೆಂದು ನೆಲಕ್ಕೆ ಬ್ಲೀಚ್ ಸುರಿದು ಹೊಗೆ ಎಬ್ಬಿಸುತ್ತಿದ್ದರು. ಆ ಜಾಗಕ್ಕೆ ಬ್ಲೀಚ್ ಬಾಕ್ಸ್ ಎಂದೇ ಹೆಸರು.

ರೇಲ್‌ನ ಚಾಸಿ ಪೆಟ್ಟಿಗೆಯಿಂದಲೇ ಸೊಟ್ಟಗೆ ಬಂದಿದೆ. ಬಿಸಾಡಬೇಕೇ?

ಬೇಡ. ಕೈ ತಾಳದಷ್ಟು ಬಿಸಿ, ಆದರೆ ಕುದಿಯದ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಹೊರತೆಗೆದು, ಗಾಜಿನ ಹಲಗೆಯ ಮೇಲೆ ಒತ್ತಿ ಹಿಡಿದು ತಣ್ಣೀರು ಸುರಿಯಿರಿ. ಒಂದೇ ಸಲಕ್ಕೆ ಸರಿಯಾಗದು, ಎರಡು ಮೂರು ಸಲ ಬೇಕು. ಆಮೇಲೆ ಗ್ರಾಫ್ ಹಾಳೆಯ ಮೇಲೆ ಮಕ್ಕಳ ಲೆಗೋ ಇಟ್ಟಿಗೆ ಜೋಡಿಸಿ ಅದರ ನಡುವೆ ಚಾಸಿ ಕೂರಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ರೋಲ್ ಕೇಜ್ ಮೂರೂ ಒಂದೇ ದಿನ ಅಂಟಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಎಂಜಿನ್ ನೋಡಿ ಯಾವುದೆಂದು ಗುರುತಿಸುವುದು ಹೇಗೆ?

ಕಿಟ್‌ನಲ್ಲಿ ಬರುವುದು ಹೆಚ್ಚಾಗಿ ಮೂರು: ಕ್ರೈಸ್ಲರ್ 392 ಹೆಮಿ, ಕ್ರೈಸ್ಲರ್ 426 ಹೆಮಿ, ಚಿಕ್ಕ ಷೆವ್ರೊಲೆ. ಅಂಕಿ ಎಂಜಿನ್ನಿನ ಗಾತ್ರ, ಘನ ಇಂಚಿನಲ್ಲಿ; ಹೆಮಿ ಅಂದರೆ ಒಳಗಿನ ದಹನ ಕೋಣೆ ಅರ್ಧಗೋಳದಂತೆ ಇರುವ ಎಂಜಿನ್. ಹೆಮಿಗಳಿಗೆ ಅಗಲವಾದ ವಾಲ್ವ್ ಕವರ್, ಅದರ ನಡು ಸಾಲಿನಲ್ಲಿ ಸ್ಪಾರ್ಕ್ ಪ್ಲಗ್ ತಂತಿ ಇಳಿಯುವ ತೂತು. ಎರಡು ಹೆಮಿಗಳ ನಡುವೆ ವ್ಯತ್ಯಾಸ ತಿಳಿಯಬೇಕಾದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಅಥವಾ ಮ್ಯಾಗ್ನೆಟೊ ಎಲ್ಲಿದೆ ನೋಡಿ. 392ರಲ್ಲಿ ಎಂಜಿನ್ನಿನ ಹಿಂಭಾಗದಲ್ಲಿ, 426ರಲ್ಲಿ ಮುಂಭಾಗದಲ್ಲಿ. ಷೆವ್ರೊಲೆಗೆ ಹಿಂದೆ, ಫೋರ್ಡ್ 427ಕ್ಕೆ ಮುಂದೆ. 392 ಬಂದದ್ದು 1957ರಲ್ಲಿ, 426 ಹೆಮಿ 1964ರಲ್ಲಿ. 1962ರ ಡ್ರ್ಯಾಗ್‌ಸ್ಟರ್‌ನಲ್ಲಿ ಮುಂದೆ ಮ್ಯಾಗ್ನೆಟೊ ಇರುವ ಹೆಮಿ ಕೂತಿದ್ದರೆ ಎಲ್ಲೋ ತಪ್ಪಾಗಿದೆ ಎಂದರ್ಥ.

ಮೇಲೆ ಕೂತ ಪಕ್ಕೆಲುಬಿನ ಪೆಟ್ಟಿಗೆ ಬ್ಲೋವರ್. ಅದರ ಹೆಸರು 6-71. ರೇಸಿಗೆಂದು ಹುಟ್ಟಿದ್ದಲ್ಲ ಅದು. ಜಿಎಂಸಿ ಲಾರಿಯ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ನಿನದು: ಆರು ಸಿಲಿಂಡರ್, ಒಂದೊಂದೂ 71 ಘನ ಇಂಚು. ಗುಜರಿಯಿಂದ ತಂದು ರೇಸ್ ಎಂಜಿನ್ನಿನ ತಲೆಯ ಮೇಲೆ ಕೂರಿಸಿದರು. ಮುಂದಿನ ಬೆಲ್ಟಿಗೆ ಹಲ್ಲುಗಳಿರುತ್ತವೆ. ಕಿಟ್‌ನಲ್ಲಿ ಹಲ್ಲು ಮಾಸಿಹೋಗಿದ್ದರೆ ಬ್ಲೇಡಿನಿಂದ ಸಣ್ಣ ಗೀರು ಹಾಕಿ.

ಎಕ್ಸಾಸ್ಟ್ ಕೊಳವೆಗಳೂ ಕಾಲ ಹೇಳುತ್ತವೆ. ಕೆಳಕ್ಕೆ ಬಾಗಿದ್ದರೆ 'ವೀಡ್ ಬರ್ನರ್', 60ರ ದಶಕದ ಆರಂಭದವು. ಮೇಲಕ್ಕೂ ಹಿಂದಕ್ಕೂ ಚಿಮ್ಮಿದ್ದರೆ 'ಝೂಮಿ', ಆ ದಶಕದ ನಡುವಿನಿಂದ ಈಚೆಗೆ.

ಪ್ಲಗ್ ವೈರ್ ಹಾಕುವುದು ಹೇಗೆ? ಯಾವ ತಂತಿ, ಯಾವ ಕ್ರಮ?

ಅಸಲಿ ಪ್ಲಗ್ ವೈರ್ ದಪ್ಪ 7ರಿಂದ 8 ಮಿ.ಮೀ. ಅದನ್ನು 25ರಿಂದ ಭಾಗಿಸಿದರೆ 0.28ರಿಂದ 0.32 ಮಿ.ಮೀ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 30 ಗೇಜ್ ಎನಾಮೆಲ್ ತಂತಿ ಕೇಳಿ, 0.315 ಮಿ.ಮೀ. ಇರುತ್ತದೆ, ಅಳತೆ ಕಟ್ಟಿಸಿದಂತೆ. ಬಣ್ಣ ಮಾತ್ರ ನೀವೇ ಬಳಿಯಬೇಕು. ಎಲೆಕ್ಟ್ರಾನಿಕ್ಸ್‌ನವರ ವೈರ್-ರ‍್ಯಾಪ್ ತಂತಿಗೆ ಬಣ್ಣ ಇದೆ, ಆದರೆ ಮೇಲಿನ ಹೊದಿಕೆ ಸೇರಿ ಸುಮಾರು ಅರ್ಧ ಮಿ.ಮೀ. ಆಗಿ ಶಾವಿಗೆಯಂತೆ ಕಾಣುತ್ತದೆ. 1/16ಕ್ಕೆ ಅದು ಸರಿ.

ಕ್ರಮದ ವಿಷಯ. ಕ್ರೈಸ್ಲರ್ ಮತ್ತು ಷೆವ್ರೊಲೆಯಲ್ಲಿ ಚಾಲಕನ ಎಡಗಡೆ ಸಾಲಿಗೆ ಮುಂದಿನಿಂದ 1, 3, 5, 7. ಬಲಗಡೆಗೆ 2, 4, 6, 8. ಕಿಡಿ ಹಾರುವ ಕ್ರಮ 1-8-4-3-6-5-7-2. ಫೋರ್ಡ್‌ನಲ್ಲಿ ಬಲಗಡೆಗೆ 1ರಿಂದ 4, ಎಡಗಡೆಗೆ 5ರಿಂದ 8, ಕ್ರಮವೂ ಬೇರೆ. 'ಇಷ್ಟು ಚಿಕ್ಕದರಲ್ಲಿ ಯಾರು ನೋಡುತ್ತಾರೆ' ಎಂದು ಕೇಳಬೇಡಿ. ಒಂದು ಪ್ರದರ್ಶನದಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ನನ್ನ ವಿಲ್ಲಿಸ್ ಎದುರು ಬಗ್ಗಿ, ಬೆರಳು ಆಡಿಸುತ್ತ ಎಣಿಸಿ, 'ತಮ್ಮಾ, ಇದು ಸ್ಟಾರ್ಟ್ ಆಗಲ್ಲ' ಅಂದಿದ್ದರು. ಎರಡು ವೈರ್ ಅದಲು ಬದಲಾಗಿತ್ತು.

ಮೊದಲು ಡಿಸ್ಟ್ರಿಬ್ಯೂಟರಿಗೆ ಎಂಟು ತೂತು ಕೊರೆದು ತಂತಿ ಅಂಟಿಸಿ ಎಂಜಿನ್ನಿಗೆ ಕೂರಿಸಿ, ಆಮೇಲೆ ಒಂದೊಂದೇ ತಂತಿಯನ್ನು ಅದರ ಜಾಗಕ್ಕೆ ಕತ್ತರಿಸಿ. ಬ್ಲೋವರ್ ಇಡುವ ಮೊದಲೋ ನಂತರವೋ ಎಂಬ ಪ್ರಶ್ನೆಗೆ, ಮೊದಲು.

ಗ್ಯಾಸರ್‌ನ ಮೂತಿ ಎಷ್ಟು ಮೇಲಿರಬೇಕು?

ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲೇ. ಇಂಟರ್ನೆಟ್‌ನಲ್ಲಿ ಇತ್ತೀಚೆಗೆ ಕಟ್ಟಿದ ಕಾರುಗಳ ಫೋಟೋ ನೋಡಿ ಮೂತಿಯನ್ನು ಆಕಾಶಕ್ಕೆ ಎತ್ತುತ್ತಾರೆ. ಆಗ ಎನ್‌ಎಚ್‌ಆರ್‌ಎ ನಿಯಮವೇ ಇತ್ತು: ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ನಡುಗೆರೆ ನೆಲದಿಂದ 24 ಇಂಚಿಗಿಂತ ಮೇಲಿರಬಾರದು. 1/25ರಲ್ಲಿ ಅದು 24.4 ಮಿ.ಮೀ. ಚಾಸಿ ಮೇಜಿನ ಮೇಲಿಟ್ಟು ಮುಂದಿನ ಪುಲ್ಲಿಯ ನಡುವಿಗೆ ಸ್ಕೇಲ್ ಹಿಡಿದು ನೋಡಿ. ಮೀರಿದ್ದರೆ ನಿಮ್ಮ ಕಾರನ್ನು ತಪಾಸಣೆಯಲ್ಲೇ ವಾಪಸು ಕಳಿಸುತ್ತಿದ್ದರು.

ಕ್ಯಾಂಡಿ ಬಣ್ಣ ಹೊಡೆಯುವುದು ಹೇಗೆ? ಮಳೆಗಾಲದಲ್ಲಿ ಬಣ್ಣ ಬಿಳಿಚಿಕೊಳ್ಳುವುದು ಯಾಕೆ?

ಕ್ಯಾಂಡಿ ಅಂದರೆ ಕೆಳಗೆ ಬೆಳ್ಳಿ ಅಥವಾ ಬಂಗಾರದ ಬಣ್ಣ, ಮೇಲೆ ಪಾರದರ್ಶಕ ಕೆಂಪೋ ನೀಲಿಯೋ. ಬೆಳಕು ಒಳಗಿಳಿದು ತಳದಿಂದ ಹಿಂತಿರುಗುವುದರಿಂದ ಆ ಆಳ ಬರುತ್ತದೆ. ಪ್ರತಿ ಪದರಕ್ಕೂ ಬಣ್ಣ ಗಾಢವಾಗುತ್ತ ಹೋಗುತ್ತದೆ. ಹಾಗಾಗಿ ಬಾಡಿ, ಬಾನೆಟ್, ಬಾಗಿಲು ಎಲ್ಲಕ್ಕೂ ಎಣಿಸಿ ಅಷ್ಟೇ ಪದರ ಕೊಡಬೇಕು. ಬಾನೆಟ್ಟನ್ನು ನಾಳೆ ಹೊಡೆಯೋಣ ಎಂದು ಬಿಟ್ಟರೆ ಕೆಂಪು ಎರಡು ಬಗೆಯಾಗುತ್ತದೆ. ತಳದ ಬೆಳ್ಳಿಯ ಕಣ ನುಣ್ಣಗಿರಲಿ. ದಪ್ಪ ಮಿನುಗು ಹಾಕಿದರೆ 1/25ರಲ್ಲಿ ಒಂದೊಂದು ಕಣವೂ ನಾಣ್ಯದಷ್ಟು ಕಾಣುತ್ತದೆ.

ಕೆಂಪು ಪ್ಲಾಸ್ಟಿಕ್‌ನಲ್ಲಿ ಅಚ್ಚು ಹಾಕಿದ ಬಾಡಿಗೆ ಹಳದಿ, ಬಿಳಿ ಹೊಡೆದರೆ ಕೆಂಪು ಮೇಲೆ ಇಣುಕುತ್ತದೆ. ನಡುವೆ ಒಂದು ಪದರ ಬೆಳ್ಳಿ ಬಣ್ಣ ಹೊಡೆದರೆ ತಡೆಯುತ್ತದೆ.

ಮಳೆಗಾಲದ ವಿಷಯಕ್ಕೆ ಬಂದರೆ, ಲ್ಯಾಕರ್‌ನ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರಲ್ಲಿ ಕೂರುತ್ತದೆ. ಹಾಲು ಚೆಲ್ಲಿದಂತೆ ಬಿಳಿ. ಮಂಗಳೂರಿನ ಗೆಳೆಯ ಜೂನ್‌ನಿಂದ ಸೆಪ್ಟೆಂಬರ್ ತನಕ ಎಂಜಿನ್, ಚಾಸಿ ಮಾತ್ರ ಕಟ್ಟುತ್ತಾನೆ, ಬಾಡಿ ಬಣ್ಣ ದೀಪಾವಳಿಯ ನಂತರ. ಅಷ್ಟು ಕಾಯಲಾಗದಿದ್ದರೆ ಮಳೆ ನಿಂತ ಒಣ ಮಧ್ಯಾಹ್ನ ನೋಡಿ ತೆಳು ಪದರ ಕೊಡಿ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ, ಬ್ರಶ್ ತೊಳೆಯಲು ಮಾತ್ರ ಇಟ್ಟುಕೊಳ್ಳಿ. ವಾಹನದ ಸ್ಪ್ರೇ ಬಳಸುವುದಾದರೆ ಪ್ರೈಮರ್ ಮೇಲೆ ಮಂಜಿನಂತೆ ಹೊಡೆಯಿರಿ, ಮೊದಲು ಚಮಚದ ಮೇಲೆ ಪರೀಕ್ಷಿಸಿ. ಮಾಸ್ಕ್ ಹಾಕಿಕೊಳ್ಳಿ.

ಹಳೆಯ ಡೆಕಾಲ್ ಹಳದಿಯಾಗಿದೆ, ನೀರಿಗೆ ಹಾಕಿದರೆ ಚೂರಾಗುತ್ತದೆ.

ಹಳದಿಗೆ ಮದ್ದು ಬಿಸಿಲು. ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಿಟಕಿ ಗಾಜಿಗೆ ಅಂಟಿಸಿ, ವಾರ ಎರಡು ವಾರ ಬಿಡಿ. ಚೂರಾಗುವುದಕ್ಕೆ ಮದ್ದು ಮೇಲೊಂದು ತೆಳು ಕ್ಲಿಯರ್ ಲ್ಯಾಕರ್ ಪದರ. ಆದರೆ ಆಗ ಎಲ್ಲ ಡೆಕಾಲ್‌ಗಳೂ ಒಂದೇ ಪೊರೆಯಾಗುತ್ತವೆ, ಒಂದೊಂದನ್ನೂ ಅಂಚಿಗೆ ಸರಿಯಾಗಿ ಕತ್ತರಿಸಬೇಕು. ಬೇಡದ ಡೆಕಾಲ್ ಒಂದನ್ನು ಮೊದಲು ನೀರಿಗೆ ಹಾಕಿ ನೋಡಿ. ನಾನು 'ಏನಾಗಲ್ಲ' ಎಂದು ಬಾಗಿಲಿನ ದೊಡ್ಡ ಹೆಸರನ್ನೇ ಮೊದಲು ಹಾಕಿ ಹದಿನೇಳು ಚೂರು ಎಣಿಸಿದ್ದೇನೆ.

ಶೋಕೇಸಿನಲ್ಲಿಟ್ಟ ಕಾರಿನ ಚಕ್ರವೇ ಕರಗಿದೆ! ಬಿಸಿಲಿಗೋ?

ಬಿಸಿಲಿಗಲ್ಲ. ಹಳೆಯ ಕಿಟ್‌ಗಳ ಮೆತ್ತನೆ ವಿನೈಲ್ ಟೈರಿನಲ್ಲಿರುವ ಎಣ್ಣೆಯಂಥ ರಾಸಾಯನಿಕ ನಿಧಾನವಾಗಿ ಹೊರಬಂದು ಪಾಲಿಸ್ಟೈರೀನ್ ಚಕ್ರವನ್ನು ತಿನ್ನುತ್ತದೆ. ಟೈರು, ಚಕ್ರದ ನಡುವೆ ತೆಳು ಅಂಟುಫಾಯಿಲ್ ಸುತ್ತಿ ಕೂರಿಸಿ. ಪೆಟ್ಟಿಗೆಯೊಳಗೂ ಟೈರನ್ನು ಬೇರೆ ಚೀಲದಲ್ಲಿಡಿ, ಇಲ್ಲದಿದ್ದರೆ ಬಾಡಿಯ ಮೇಲೇ ಟೈರಿನ ಅಚ್ಚು ಬೀಳುತ್ತದೆ.

ಕೊಳೆ, ತುಕ್ಕು ಹಾಕಬೇಕೇ?

ತುಕ್ಕು ಬೇಡವೇ ಬೇಡ. ಪ್ರತಿ ಓಟಕ್ಕೂ ಮೊದಲು ಬಟ್ಟೆ ಹಿಡಿದು ಒರೆಸುತ್ತಿದ್ದ ಜನ ಅವರು. ಸ್ಲಿಕ್ (ಗೀರಿಲ್ಲದ ನುಣುಪು) ಟೈರಿನ ಹೊಳಪನ್ನು ಸ್ಯಾಂಡ್ ಪೇಪರಿನಿಂದ ತೆಗೆಯಿರಿ, ಹಿಂದಿನ ಚಕ್ರದ ಸುತ್ತಲ ಬಾಡಿಗೆ ರಬ್ಬರ್ ಪುಡಿಯ ಕಪ್ಪನ್ನು ಪೆನ್ಸಿಲ್ ಪುಡಿಯಿಂದ ಒರೆಸಿ, ಎಕ್ಸಾಸ್ಟ್ ತುದಿಗೆ ಸ್ವಲ್ಪ ನೀಲಿ-ಕಂದು ಸುಟ್ಟ ಬಣ್ಣ. ಅಷ್ಟು ಸಾಕು.

ಫೋಟೋಗಳಲ್ಲಿ ಒಂದೇ ಕಾರು ಒಂದೊಂದು ತರಹ ಇದೆ. ಯಾವುದನ್ನು ನಂಬಲಿ?

ಎಲ್ಲವನ್ನೂ. ಈ ಕಾರುಗಳು ವಾರ ವಾರಕ್ಕೆ ಬದಲಾಗುತ್ತಿದ್ದವು. ಶನಿವಾರ ಎಂಜಿನ್ ಸಿಡಿದರೆ ಮುಂದಿನ ಶನಿವಾರ ಬೇರೆ ಎಂಜಿನ್, ಹೊಸ ಪ್ರಾಯೋಜಕ ಸಿಕ್ಕರೆ ಹೊಸ ಬಣ್ಣ. ಅದಕ್ಕೇ ನಾನು ಯಾರು ಕೇಳಿದರೂ ಹೇಳುವುದು: ಕಾರನ್ನು ಆರಿಸಿದರೆ ಸಾಲದು, ದಿನಾಂಕವನ್ನೂ ಆರಿಸಿ. ಒಂದು ದಿನದ, ಒಂದು ಪಟ್ಟಿಯ ಎರಡು ಮೂರು ಫೋಟೋ ಹಿಡಿದು ಅದಕ್ಕೇ ಅಂಟಿಕೊಳ್ಳಿ.

ದಿನಾಂಕ ಎಷ್ಟು ಮುಖ್ಯ ಎನ್ನುವುದಕ್ಕೆ ಡ್ರ್ಯಾಗ್ ರೇಸ್ ಚಾಲಕ ಡಾನ್ ಗಾರ್ಲಿಟ್ಸ್ ಅವರ ಕಾರುಗಳಿವೆ. 1970ರ ಮಾರ್ಚ್ 8ರಂದು ಲಾಂಗ್ ಬೀಚ್ ಬಳಿಯ ಲಯನ್ಸ್ ಪಟ್ಟಿಯಲ್ಲಿ ಅವರ 'ಸ್ವಾಂಪ್ ರ‍್ಯಾಟ್ 13'ರ ಗೇರ್‌ಬಾಕ್ಸ್ ಸಿಡಿದು ಕಾರು ಎರಡು ತುಂಡಾಯಿತು, ಅವರ ಬಲಪಾದದ ಒಂದು ಭಾಗ ಹೋಯಿತು. ಚಾಲಕನ ಮುಂದೆಯೇ ಎಂಜಿನ್, ಕಾಲಿನ ನಡುವೆಯೇ ಗೇರ್‌ಬಾಕ್ಸ್ ಇರುವ ಸ್ಲಿಂಗ್‌ಶಾಟ್‌ನ ಅಪಾಯ ಅದು. ಎಂಜಿನ್ ಹಿಂದಿರುವ 'ಸ್ವಾಂಪ್ ರ‍್ಯಾಟ್ 14' ಕಟ್ಟಿ 1971ರಲ್ಲಿ ಅವರು ಗೆಲ್ಲತೊಡಗಿದ ಮೇಲೆ ಕೆಲವೇ ವರ್ಷದಲ್ಲಿ ಹಳೆಯ ವಿನ್ಯಾಸ ಮೂಲೆ ಸೇರಿತು. ಎರಡು ಮಾಡೆಲ್ ಪಕ್ಕಪಕ್ಕ ಇಟ್ಟರೆ ನಡುವಿನ ಆ ಒಂದು ದಿನ ಕಣ್ಣಿಗೆ ಕಾಣುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಅನುಕೂಲ. ಫ್ಲಾರಿಡಾದ ಒಕಾಲಾದಲ್ಲಿ ಗಾರ್ಲಿಟ್ಸ್ ಅವರ ವಸ್ತುಸಂಗ್ರಹಾಲಯ, ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಎನ್‌ಎಚ್‌ಆರ್‌ಎ ಸಂಗ್ರಹಾಲಯ ಇವೆ. ಹೋದವರು ಕಾರಿನ ಮುಂದೆ ಸೆಲ್ಫಿ ತೆಗೆಯುವ ಬದಲು ಅದರ ಹೊಟ್ಟೆಯ ಕೆಳಗಿನ ಫೋಟೋ ತೆಗೆದು ಕಳಿಸಿದರೆ ಇಲ್ಲಿನ ನಾಲ್ಕು ಜನ ಹರಸುತ್ತಾರೆ.

ಕಾರಿನ ಜತೆ ಪಟ್ಟಿಯನ್ನೂ ಮಾಡಬಹುದೇ?

ಪೂರ್ತಿ ಕಾಲು ಮೈಲಿಯೇ? 1/25ರಲ್ಲಿ ಅದು ಸುಮಾರು 53 ಅಡಿ. ನಮ್ಮ ಊರಿನ ಮನೆಯಲ್ಲಿ ಜಗಲಿಯಿಂದ ಹಿತ್ತಿಲ ಬಾವಿಯ ತನಕ ಬರುತ್ತದೆ, ಒಮ್ಮೆ ದಾರ ಹಿಡಿದು ಅಳೆದಿದ್ದೇನೆ. ಹೊರಡುವ ಗೆರೆಯ ಸುತ್ತ ಒಂದು ಅಡಿ ಮಾಡಿದರೆ ಸಾಕು. ಬೂದು ಸ್ಯಾಂಡ್ ಪೇಪರ್ ಡಾಂಬರಾಗುತ್ತದೆ, ಸ್ಲಿಕ್ ಉಜ್ಜಿದ ಎರಡು ಕಪ್ಪು ಪಟ್ಟೆ ಎಳೆಯಿರಿ. ನಡುವೆ ಕ್ರಿಸ್‌ಮಸ್ ಟ್ರೀ ಎಂಬ, ಹೊರಡುವ ಸೂಚನೆ ಕೊಡುವ ದೀಪದ ಕಂಬ ಇಡುವ ಮೊದಲು ನೀವು ಆರಿಸಿದ ದಿನಾಂಕ ಮತ್ತೆ ನೋಡಿ. ಆ ದೀಪ ಬಂದದ್ದು 1963ರಲ್ಲಿ. ನಿಮ್ಮ ಕಾರು 1959ರದ್ದಾದರೆ ಎರಡು ಕಾರುಗಳ ನಡುವೆ ಬಾವುಟ ಹಿಡಿದು ನಿಂತ ಮನುಷ್ಯನೊಬ್ಬ ಬೇಕು.